ಲಿವರ್‌ಗಿಂತ ಹೆಚ್ಚೋ, ಕಡಿಮೆಯೋ: ಲಿಂಫೋಮಾ ಸ್ಕ್ಯಾನ್ ಓದುವ ಬಗೆ

ನಮ್ಮ ವಯಸ್ಸಿನವನೇ ಒಬ್ಬ ಹುಡುಗ ಅಂದುಕೊಳ್ಳಿ. ಅವನಿಗೆ ಹಾಡ್ಜ್‌ಕಿನ್ ಲಿಂಫೋಮಾ. ಅಂದ್ರೆ, ಸೋಂಕು ಬಂದಾಗ ಕಾವಲು ಕಾಯಬೇಕಾದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೇ ಅಂಕೆ ಮೀರಿ ಬೆಳೆಯುವ ಕ್ಯಾನ್ಸರ್. ಕುತ್ತಿಗೆ, ಕಂಕುಳು, ಎದೆಗೂಡಿನ ಒಳಗಿನ ದುಗ್ಧಗ್ರಂಥಿಗಳು ಊದಿಕೊಳ್ಳುತ್ತವೆ. ಎರಡು ತಿಂಗಳು ಕೀಮೋ ಮುಗಿದಿದೆ. ಕೂದಲು ಹೋಯ್ತು, ಒಂದು ಸೆಮಿಸ್ಟರೂ ಹೋಯ್ತು. ಸಿ.ಟಿ. ಮಾಡಿಸಿದರೆ, ಎದೆಯಲ್ಲಿ 8 ಸೆಂ.ಮೀ. ಇದ್ದ ಗಡ್ಡೆ 3 ಸೆಂ.ಮೀ.ಗೆ ಇಳಿದಿದೆ. ಆದರೆ ಪೂರ್ತಿ ಹೋಗಿಲ್ಲ.

ಈ 3 ಸೆಂ.ಮೀ. ಏನು? ಬದುಕಿ ಉಳಿದಿರೋ ಕ್ಯಾನ್ಸರೋ, ಗಾಯ ಮಾಗಿದ ಮೇಲೆ ಉಳಿಯೋ ಕಲೆಯ ಹಾಗೆ ಬರೀ ನಾರಿನ ಮುದ್ದೆಯೋ? ಬದುಕಿದ್ದರೆ ಇನ್ನೂ ಜೋರಾದ ಔಷಧಿ ಕೊಡಬೇಕು. ಸತ್ತಿದ್ದರೆ ಔಷಧಿ ಇಳಿಸಬಹುದು. ಸತ್ತದ್ದನ್ನು ಬದುಕಿದೆ ಎಂದು ತಿಳಿದರೆ ಆ ಹುಡುಗನ ಶ್ವಾಸಕೋಶ, ಹೃದಯ ಸುಮ್ಮನೆ ಪೆಟ್ಟು ತಿನ್ನುತ್ತವೆ. ಬದುಕಿದ್ದನ್ನು ಸತ್ತಿದೆ ಎಂದು ತಿಳಿದರೆ ರೋಗ ವಾಪಸ್ ಬರುತ್ತದೆ.

ಹಾಡ್ಜ್‌ಕಿನ್ ಲಿಂಫೋಮಾ ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸುಗಳಲ್ಲಿ 15ರಿಂದ 35 ಒಂದು. ಅಂದ್ರೆ ನಮ್ಮ ಕ್ಯಾಂಪಸ್ಸಿನ ವಯಸ್ಸು. ಬಹಳಷ್ಟು ಜನ ಪೂರ್ತಿ ಗುಣವಾಗುವ ಕ್ಯಾನ್ಸರ್ ಕೂಡ ಇದೇ. ಗುಣವಾದವರು ಇನ್ನೂ 50 ವರ್ಷ ಬದುಕಬೇಕಾದವರು. ಅದಕ್ಕೇ ಮೇಲಿನ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದು ಇಷ್ಟು ಮುಖ್ಯ.

ಈ ಪ್ರಶ್ನೆಯ ಮೇಲೆ ಬಹುಕಾಲ ಕೆಲಸ ಮಾಡಿದವರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರೊಫೆಸರ್ ಸ್ಯಾಲಿ ಬ್ಯಾರಿಂಗ್ಟನ್ ಒಬ್ಬರು. ಪೆಟ್ ಸ್ಕ್ಯಾನ್ ಅವರ ಕ್ಷೇತ್ರ. ಅವರು ಹೊಸ ಯಂತ್ರ ಕಂಡುಹಿಡಿದದ್ದಕ್ಕೆ ಹೆಸರಾದವರಲ್ಲ. ಬೇರೆ ಬೇರೆ ಊರು, ಬೇರೆ ಬೇರೆ ಕಂಪನಿಯ ಯಂತ್ರ, ಬೇರೆ ಬೇರೆ ಡಾಕ್ಟರ ಕಣ್ಣು ಇದ್ದರೂ ಒಂದು ಚಿತ್ರದಿಂದ ಒಂದೇ ಉತ್ತರ ಬರುವಂತೆ ಮಾಡಲು ದುಡಿದವರು. ನಾವು ಮೆಷರ್‌ಮೆಂಟ್ಸ್ ಪೇಪರನ್ನು ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದುತ್ತೇವಲ್ಲ, ಅದೇ ಪೇಪರಿನ ಕೆಲಸ ಇದು. ನಾನು ಇ.ಸಿ. ಓದುವವನು, ಡಾಕ್ಟರಲ್ಲ. ಈ ಲೇಖನ ಬರೆಯಲು ಧೈರ್ಯ ಬಂದದ್ದೂ ಆ ಪೇಪರಿನಿಂದಲೇ.

ಪೆಟ್ಟಿಗೆಗೆ ಮೊದಲು ಕತ್ತಿ

1832ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಹಾಡ್ಜ್‌ಕಿನ್ 7 ರೋಗಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಗ್ರಂಥಿಗಳೂ ಗುಲ್ಮವೂ ಊದಿಕೊಂಡು ಸತ್ತವರು ಅವರು. ಹಾಡ್ಜ್‌ಕಿನ್ ನೋಡಿದ್ದು ಬರಿಗಣ್ಣಿನಿಂದ, ಅದೂ ಶವಪರೀಕ್ಷೆಯಲ್ಲಿ. ಆ ಪ್ರಬಂಧವನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಮೂರು ದಶಕ ಕಳೆದ ಮೇಲೆ ಅದೇ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಈ ರೋಗಕ್ಕೆ ಹಾಡ್ಜ್‌ಕಿನ್ ಹೆಸರಿಟ್ಟರು. ಹಾಡ್ಜ್‌ಕಿನ್ ಆ ಆಸ್ಪತ್ರೆಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು, ಹಾಗಾಗಿ ಕೆಲವು ಗ್ರಂಥಿಗಳು ಜಾಡಿಗಳಲ್ಲಿ ಉಳಿದಿದ್ದವು. 1926ರಲ್ಲಿ, ಸುಮಾರು ನೂರು ವರ್ಷದ ನಂತರ, ಅವನ್ನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದರು. ಕೆಲವು ನಿಜಕ್ಕೂ ಹಾಡ್ಜ್‌ಕಿನ್ ರೋಗವೇ ಆಗಿದ್ದವು, ಎಲ್ಲವೂ ಅಲ್ಲ. ಹೆಸರು ಯಾರದೋ ಅವರ ಕಣ್ಣೂ ಮೋಸ ಹೋಗಿತ್ತು!

1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಮೈಕ್ರೋಸ್ಕೋಪಿನಲ್ಲಿ ಈ ಗ್ರಂಥಿಗಳ ದೈತ್ಯ ಜೀವಕೋಶಗಳನ್ನು ವರ್ಣಿಸಿದರು. ಆದರೆ ಅವರು ಇದನ್ನು ಕ್ಷಯರೋಗದ ಒಂದು ವಿಚಿತ್ರ ರೂಪ ಅಂತಲೇ ತಿಳಿದಿದ್ದರು. 1902ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಡೊರೊತಿ ರೀಡ್, ಇದು ಕ್ಷಯ ಅಲ್ಲ, ಬೇರೆಯದೇ ರೋಗ ಎಂದು ವಾದಿಸಿದರು. ಇವತ್ತು ಆ ಕಣಕ್ಕೆ ಇಬ್ಬರ ಹೆಸರೂ ಸೇರಿ ರೀಡ್-ಸ್ಟರ್ನ್‌ಬರ್ಗ್ ಕಣ ಅಂತಾರೆ. ಕ್ಷಯವೋ ಲಿಂಫೋಮಾವೋ ಎಂಬ ಈ ಗೊಂದಲವನ್ನು ನೆನಪಿಟ್ಟುಕೊಂಡಿರಿ, ಮುಂದೆ ನಮ್ಮ ಊರಿಗೆ ಬಂದಾಗ ಮತ್ತೆ ಎದುರಾಗುತ್ತದೆ.

ರೋಗ ಏನು ಅಂತ ಗೊತ್ತಾದ ಮೇಲೆ, ಎಲ್ಲೆಲ್ಲಿದೆ ಅಂತ ಗೊತ್ತಾಗಬೇಕು. ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ಒಂದೇ ಕಡೆ ಇದ್ದರೆ 1ನೇ ಹಂತ. ವಪೆಯ, ಅಂದ್ರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯ, ಒಂದೇ ಬದಿಯಲ್ಲಿ ಎರಡು ಅಥವಾ ಹೆಚ್ಚು ಕಡೆ ಇದ್ದರೆ 2. ಎರಡೂ ಬದಿಗೆ ಇದ್ದರೆ 3. ಲಿವರ್, ಮೂಳೆಮಜ್ಜೆ ಇಂಥ ಕಡೆಗೆಲ್ಲ ಹರಡಿದ್ದರೆ 4. ಇದು 1971ರ ಆನ್ ಆರ್ಬರ್ ವರ್ಗೀಕರಣ. ಹೇಳೋಕೆ ಸುಲಭ. ಆದರೆ ಹೊಟ್ಟೆಯೊಳಗೆ ಇದೆಯೋ ಇಲ್ಲವೋ ನೋಡೋದು ಹೇಗೆ?

ಲಂಡನ್ನಿನ ಶಸ್ತ್ರವೈದ್ಯ ಜಾನ್ ಕಿನ್ಮಂತ್ 1952ರಲ್ಲಿ ಒಂದು ದಾರಿ ತೋರಿಸಿದ್ದರು. ಕಾಲ್ಬೆರಳ ಸಂದಿಗೆ ನೀಲಿ ಬಣ್ಣ ಚುಚ್ಚಬೇಕು. ಕೂದಲಿನಷ್ಟು ಸಣ್ಣ ದುಗ್ಧನಾಳ ನೀಲಿಯಾಗಿ ಕಂಡಾಗ ಪಾದದ ಚರ್ಮ ಕೊಯ್ದು, ಆ ನಾಳಕ್ಕೇ ಸೂಜಿ ಹಾಕಿ, ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ನಿಧಾನಕ್ಕೆ ತಳ್ಳಬೇಕು. ಇಷ್ಟು ಮಾಡಿದರೂ ಗುಲ್ಮದ ಒಳಗೆ ಏನಿದೆ ಅಂತ ಗೊತ್ತಾಗುತ್ತಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹೊಟ್ಟೆಯನ್ನೇ ಕೊಯ್ದು ನೋಡುವ ಪದ್ಧತಿ ಶುರುವಾಯಿತು. ಗುಲ್ಮ ತೆಗೆದು, ಲಿವರಿನ ಚೂರು, ಗ್ರಂಥಿಗಳ ಚೂರು ತೆಗೆದು ಮತ್ತೆ ಹೊಲಿಯುವುದು. ರೋಗ ವಾಸಿ ಮಾಡಲು ಅಲ್ಲ, ರೋಗ ಎಲ್ಲಿದೆ ಎಂದು ತಿಳಿಯಲು ಅಷ್ಟು ದೊಡ್ಡ ಆಪರೇಶನ್! ಗುಲ್ಮ ಹೋದವರಿಗೆ ಕೆಲವು ಬ್ಯಾಕ್ಟೀರಿಯಾಗಳ ಸೋಂಕು ಜೀವನಪೂರ್ತಿ ಅಪಾಯ.

1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ಆಯಿತು. ಅದನ್ನು ಕಟ್ಟಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಇ.ಎಂ.ಐ. ಕಂಪನಿಯ ಎಂಜಿನಿಯರ್. (ನಮ್ಮವರೇ!) ಸಿ.ಟಿ. ಬಂದ ಮೇಲೆ ಹೊಟ್ಟೆ ಕೊಯ್ಯುವುದು ಕ್ರಮೇಣ ನಿಂತಿತು. ಆದರೆ ಸಿ.ಟಿ. ಹೇಳುವುದು ಗಾತ್ರ ಮಾತ್ರ. ದೊಡ್ಡದು ಅಂದರೆ ರೋಗ, ಸಣ್ಣದು ಅಂದರೆ ಇಲ್ಲ. ನಮ್ಮ ಹುಡುಗನ 3 ಸೆಂ.ಮೀ. ಅಲ್ಲಿಗೇ ಸಿಕ್ಕಿಹಾಕಿಕೊಂಡಿತು.

ಸಕ್ಕರೆಯ ವೇಷ

ಗಾತ್ರ ಬಿಟ್ಟು ಹಸಿವು ಅಳೆದರೆ? ಜೀವಂತ ಕೋಶ ತಿನ್ನುತ್ತದೆ, ನಾರು ತಿನ್ನುವುದಿಲ್ಲ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಮಾಮೂಲಿಗಿಂತ ಬಹಳ ಹೆಚ್ಚು ನುಂಗುತ್ತವೆ ಎಂಬುದನ್ನು ಜರ್ಮನಿಯ ಒಟ್ಟೋ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು.

ಎಫ್.ಡಿ.ಜಿ. ಅಂದರೆ ಒಂದು ಹೈಡ್ರಾಕ್ಸಿಲ್ ಗುಂಪು ತೆಗೆದು ಆ ಜಾಗಕ್ಕೆ ವಿಕಿರಣಶೀಲ ಫ್ಲೋರಿನ್-18 ಕೂರಿಸಿದ ಗ್ಲೂಕೋಸ್. ಕೋಶದ ಬಾಗಿಲಲ್ಲಿ ಇದು ಸಕ್ಕರೆಯಂತೆಯೇ ಕಾಣುತ್ತದೆ, ಒಳಗೆ ಬಿಡುತ್ತಾರೆ. ಒಳಗೆ ಹೆಕ್ಸೋಕೈನೇಸ್ ಎಂಬ ಕಿಣ್ವ ಅದಕ್ಕೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಮುಂದಿನ ಮೆಟ್ಟಿಲು ಹತ್ತಲು ಅದಕ್ಕೆ ಆಗುವುದಿಲ್ಲ, ಫಾಸ್ಫೇಟ್ ಅಂಟಿದ್ದರಿಂದ ಹೊರಗೂ ಬರಲಾಗುವುದಿಲ್ಲ. ಬೇರೆಯವನ ಐ.ಡಿ. ಕಾರ್ಡ್ ತೋರಿಸಿ ಗೇಟ್ ದಾಟಿದವನು ಕ್ಲಾಸಿಗೂ ಹೋಗಲಾರದೆ ಹೊರಗೂ ಹೋಗಲಾರದೆ ಕಾರಿಡಾರಿನಲ್ಲಿ ನಿಂತ ಹಾಗೆ. ಒಂದು ಗಂಟೆ ಕಾದರೆ ಎಲ್ಲಿ ಹಸಿವು ಜಾಸ್ತಿಯೋ ಅಲ್ಲಿ ಇಂಥವರ ಗುಂಪು ಸೇರಿರುತ್ತದೆ.

ಫ್ಲೋರಿನ್-18 ಒಂದು ಪಾಸಿಟ್ರಾನ್ ಉಗುಳುತ್ತದೆ. ಅದು ಹತ್ತಿರದ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಎರಡೂ ಮಾಯವಾಗುತ್ತವೆ. ಬದಲಿಗೆ 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಎರಡು ಫೋಟಾನುಗಳು ವಿರುದ್ಧ ದಿಕ್ಕಿಗೆ ಹಾರುತ್ತವೆ. ಮೊದಲ ವರ್ಷದ ಫಿಸಿಕ್ಸಿನ ಇ = ಎಂಸಿ ಸ್ಕ್ವೇರ್ ಇದೇ, ಎಲೆಕ್ಟ್ರಾನಿನ ದ್ರವ್ಯರಾಶಿ ಹಾಕಿ ಲೆಕ್ಕ ಮಾಡಿ, 511 ಬರುತ್ತದೆ. ರೋಗಿಯ ಸುತ್ತ ಉಂಗುರದಂತೆ ಜೋಡಿಸಿದ ಡಿಟೆಕ್ಟರುಗಳಲ್ಲಿ ಎರಡು ಕೆಲವೇ ನ್ಯಾನೋಸೆಕೆಂಡುಗಳ ಒಳಗೆ ಒಟ್ಟಿಗೆ ಮಿಂಚಿದರೆ, ಘಟನೆ ನಡೆದದ್ದು ಆ ಎರಡರ ನಡುವಿನ ಗೆರೆಯ ಮೇಲೆ ಎಲ್ಲೋ. ಡಿಜಿಟಲ್ ಭಾಷೆಯಲ್ಲಿ ಒಂದು ಆಂಡ್ ಗೇಟ್. ಇಂಥ ಕೋಟಿಗಟ್ಟಲೆ ಗೆರೆಗಳನ್ನು ಸೇರಿಸಿ ಚಿತ್ರ ಕಟ್ಟುತ್ತಾರೆ. ಫೋಟಾನುಗಳು ಮೈಯೊಳಗೇ ಎಷ್ಟು ಹೀರಿಹೋದವು ಎಂದು ಸರಿಪಡಿಸಲು, ಮತ್ತು ಹೊಳೆಯುವ ಜಾಗ ಯಾವ ಅಂಗ ಎಂದು ತಿಳಿಯಲು, ಅದೇ ಮಂಚದ ಮೇಲೆ ಸಿ.ಟಿ.ಯೂ ಆಗುತ್ತದೆ. ಆದ್ದರಿಂದ ಪೆಟ್-ಸಿ.ಟಿ.

ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಇದು ವರವೂ ಹೌದು, ತಲೆನೋವೂ ಹೌದು. 1976ರ ಆಗಸ್ಟಿನಲ್ಲಿ ಮೊದಲ ಬಾರಿ ಮನುಷ್ಯನಿಗೆ ಎಫ್.ಡಿ.ಜಿ. ಕೊಟ್ಟದ್ದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ತಯಾರಾದದ್ದು ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ. ವಿಮಾನದಲ್ಲಿ ಸಾಗಿಸಿದರು. ಇವತ್ತೂ ಲೆಕ್ಕ ಅದೇ: ಸೈಕ್ಲೋಟ್ರಾನ್ ಇರುವ ಊರಿಂದ ಹೊರಟ ಗಾಡಿ ಟ್ರಾಫಿಕ್ಕಿನಲ್ಲಿ ಸಿಕ್ಕಿ 3 ಗಂಟೆ 40 ನಿಮಿಷ ತಡವಾದರೆ ಬಾಟಲಿಯಲ್ಲಿ ಉಳಿದದ್ದು ಕಾಲು ಭಾಗ.

4.0 ಅಂದರೆ ಎಷ್ಟು?

ಇಲ್ಲಿಂದ ಮುಂದೆ ನಮ್ಮ ಸಬ್ಜೆಕ್ಟ್. ಚಿತ್ರದಲ್ಲಿ ಹೊಳಪು ಕಂಡಿತು. ಎಷ್ಟು ಹೊಳಪು ಅಂದರೆ ಜಾಸ್ತಿ? ಇದಕ್ಕೆ ಎಸ್.ಯು.ವಿ. ಎಂಬ ಒಂದು ಅಂಕಿ ಇದೆ (ಕಾರಲ್ಲ). ಒಂದು ಜಾಗದಲ್ಲಿ ಸೇರಿದ ವಿಕಿರಣವನ್ನು, ಚುಚ್ಚಿದ್ದೆಲ್ಲ ಮೈತುಂಬ ಸಮನಾಗಿ ಹರಡಿದ್ದರೆ ಎಷ್ಟಿರುತ್ತಿತ್ತೋ ಅದರಿಂದ ಭಾಗಿಸುವುದು.

ಒಂದು ಉದಾಹರಣೆ ಮಾಡೋಣ. 70 ಕೆ.ಜಿ. ತೂಕದವನಿಗೆ 370 ಮೆಗಾಬೆಕರೆಲ್ ಚುಚ್ಚಿದರು. 60 ನಿಮಿಷ ಕಾದರು. ಅಷ್ಟರಲ್ಲಿ ಉಳಿದದ್ದು 370 × 0.685, ಅಂದರೆ ಸುಮಾರು 253. ಇದನ್ನು 70 ಕೆ.ಜಿ.ಗೆ ಹಂಚಿದರೆ ಗ್ರಾಮಿಗೆ 3.62 ಕಿಲೋಬೆಕರೆಲ್. ಗ್ರಂಥಿಯಲ್ಲಿ ಮಿಲಿಲೀಟರಿಗೆ 14.5 ಕಿಲೋಬೆಕರೆಲ್ ಕಂಡರೆ ಎಸ್.ಯು.ವಿ. 4.0.

ಈಗ ತಪ್ಪುಗಳನ್ನು ಹುಡುಕೋಣ. ರೋಗಿ ತೂಕ ಅಂದಾಜಿನಲ್ಲಿ 80 ಅಂದ, ನಿಜವಾಗಿ 70. ಅದೇ ಗ್ರಂಥಿ ಈಗ 4.6. ಇಂಜೆಕ್ಷನ್ ತಯಾರಿಸುವ ಕೋಣೆಯ ಗಡಿಯಾರಕ್ಕೂ ಸ್ಕ್ಯಾನರಿನ ಗಡಿಯಾರಕ್ಕೂ 10 ನಿಮಿಷ ವ್ಯತ್ಯಾಸ ಇದ್ದರೆ 6.5 ಶೇಕಡಾ ತಪ್ಪು. ಇಂಜೆಕ್ಷನ್ನಿನ ಸ್ವಲ್ಪ ಭಾಗ ನರದ ಹೊರಗೆ ತೋಳಿನಲ್ಲೇ ಉಳಿದರೆ ಅಂಕಿ ಕೆಳಗೆ ಬೀಳುತ್ತದೆ. ಕೊಬ್ಬು ಈ ಸಕ್ಕರೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ, ಹಾಗಾಗಿ ದಪ್ಪಗಿರುವವರಲ್ಲಿ ಉಳಿದ ಅಂಗಗಳ ಅಂಕಿ ಮೇಲೇರುತ್ತದೆ. ಒಂದು ಕಂಪನಿಯ ಸ್ಕ್ಯಾನರ್ ಚಿತ್ರವನ್ನು ಚೂಪಾಗಿ ಕಟ್ಟುತ್ತದೆ, ಇನ್ನೊಂದು ಮೆತ್ತಗೆ. ಸಣ್ಣ ಗ್ರಂಥಿಯ ಗರಿಷ್ಠ ಅಂಕಿ ಅದರಿಂದಲೂ ಬದಲಾಗುತ್ತದೆ. ದಶಮಾಂಶ ಇದೆ ಅಂದ ಮಾತ್ರಕ್ಕೆ ನಿಖರ ಅಂದುಕೊಳ್ಳೋ ಚಟ ನಮಗೆಲ್ಲ ಇದೆ, ಲ್ಯಾಬ್ ರೆಕಾರ್ಡ್ ಬರೆದವರಿಗೆ ಹೇಳಬೇಕಿಲ್ಲ.

ವೀಟ್‌ಸ್ಟೋನ್ ಬ್ರಿಡ್ಜ್ ನೆನಪಿಸಿಕೊಳ್ಳಿ. ಬ್ಯಾಟರಿಯ ವೋಲ್ಟೇಜ್ ಸರಿಯಾಗಿ ಎಷ್ಟು ಅಂತ ಗೊತ್ತಿಲ್ಲದೆಯೂ ಅಲ್ಲಿ ರೆಸಿಸ್ಟೆನ್ಸ್ ಸರಿಯಾಗಿ ಸಿಗುತ್ತದೆ. ಯಾಕೆ? ಎರಡು ತೋಳಿಗೂ ಅದೇ ಬ್ಯಾಟರಿ. ನಾವು ನೋಡುವುದು ಅನುಪಾತ, ವೋಲ್ಟೇಜ್ ಹೊಡೆದುಹೋಗುತ್ತದೆ. ಇಲ್ಲಿಯೂ ಹಾಗೇ. ಗ್ರಂಥಿಯ ಹೊಳಪನ್ನು ಅದೇ ರೋಗಿಯ ಲಿವರಿನ ಹೊಳಪಿನ ಜೊತೆ ಹೋಲಿಸಿದರೆ ಡೋಸ್, ತೂಕ, ಗಡಿಯಾರದ ತಪ್ಪು, ತೋಳಿನಲ್ಲಿ ಉಳಿದ ಇಂಜೆಕ್ಷನ್, ಎಲ್ಲವೂ ಮೇಲೂ ಕೆಳಗೂ ಇರುವುದರಿಂದ ಹೊಡೆದುಹೋಗುತ್ತವೆ. ಲಿವರ್ ದೊಡ್ಡದು, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಹೊಳಪು. ಅಳತೆಗೋಲು ರೋಗಿಯ ಹೊಟ್ಟೆಯೊಳಗೇ ಇದೆ.

2009ರಲ್ಲಿ ಫ್ರಾನ್ಸಿನ ಸಮುದ್ರ ದಂಡೆಯ ಊರು ದೋವಿಲ್‌ನಲ್ಲಿ ಪೆಟ್ ತಜ್ಞರೂ ರಕ್ತರೋಗ ತಜ್ಞರೂ ಸೇರಿ ಒಪ್ಪಿಕೊಂಡ ಸ್ಕೇಲ್ ಇದನ್ನೇ ಆಧರಿಸಿದೆ. ಗ್ರಂಥಿಯ ಜಾಗದಲ್ಲಿ ಸುತ್ತಮುತ್ತಲಿಗಿಂತ ಹೆಚ್ಚು ಹೊಳಪೇ ಇಲ್ಲದಿದ್ದರೆ 1. ಎದೆಯ ನಡುವಿನ ದೊಡ್ಡ ರಕ್ತನಾಳಗಳ ಹೊಳಪಿಗೆ ಸಮ ಅಥವಾ ಕಡಿಮೆ ಇದ್ದರೆ 2. ಅದಕ್ಕಿಂತ ಹೆಚ್ಚು, ಆದರೆ ಲಿವರನ್ನು ಮೀರಿಲ್ಲ ಎಂದರೆ 3. ಲಿವರಿಗಿಂತ ಸ್ವಲ್ಪ ಹೆಚ್ಚಿದ್ದರೆ 4. ಬಹಳ ಹೆಚ್ಚಿದ್ದರೆ, ಅಥವಾ ಹೊಸ ಜಾಗದಲ್ಲಿ ರೋಗ ಕಂಡರೆ 5. ‘ಬಹಳ’ ಎಂದರೆ ಎಷ್ಟು ಎಂಬ ಜಗಳ ಬಂದೇ ಬಂತು. ಲಿವರಿನ 2-3 ಪಟ್ಟು ಎಂದು ಆಮೇಲೆ ಸಲಹೆ ಬಂತು. ಚಿಕಿತ್ಸೆ ಮುಗಿದ ಮೇಲೆ 1, 2, 3 ಬಂದರೆ ಗಡ್ಡೆ ಕಣ್ಣಿಗೆ ಕಂಡರೂ ರೋಗದ ಜೀವಂತ ಲಕ್ಷಣ ಉಳಿದಿಲ್ಲ ಎಂದೇ ಓದುತ್ತಾರೆ.

ಇಷ್ಟು ಸರಳವಾದದ್ದು ಕೆಲಸ ಮಾಡುತ್ತದಾ? ಬ್ಯಾರಿಂಗ್ಟನ್ ಮತ್ತು ಸಂಗಡಿಗರು ಅದನ್ನೂ ಅಳೆದರು. ಯುರೋಪಿನ 4 ಕೇಂದ್ರಗಳಿಗೆ ಅದೇ ರೋಗಿಗಳ ಸ್ಕ್ಯಾನ್ ಕೊಟ್ಟು ಬೇರೆ ಬೇರೆಯಾಗಿ ಓದಿಸಿದರು. ಉತ್ತರಗಳು ಚೆನ್ನಾಗಿ ಹೊಂದಿದವು. 2011ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ಊರಿನಲ್ಲಿ ಶುರುವಾಗಿ 2014ರಲ್ಲಿ ಪ್ರಕಟವಾದ ಒಪ್ಪಂದದಲ್ಲಿ ಲಿಂಫೋಮಾ ಇಮೇಜಿಂಗ್ ಬಗೆಗಿನ ಪ್ರಬಂಧದ ಮೊದಲ ಹೆಸರು ಅವರದೇ. ಅದರಿಂದ ರೋಗಿಗೆ ನೇರವಾಗಿ ಆದ ಒಂದು ಉಪಕಾರ ಹೇಳುತ್ತೇನೆ: ಪೆಟ್-ಸಿ.ಟಿ. ಆಗಿದ್ದರೆ ಹಾಡ್ಜ್‌ಕಿನ್ ರೋಗಿಗೆ ಸೊಂಟದ ಮೂಳೆಗೆ ದಪ್ಪ ಸೂಜಿ ಹಾಕಿ ಮಜ್ಜೆ ತೆಗೆಯುವ ಪರೀಕ್ಷೆ ಮಾಮೂಲಿಯಾಗಿ ಬೇಕಿಲ್ಲ ಎಂದಾಯಿತು.

ಲಿವರ್ ಪರಿಪೂರ್ಣ ಅಳತೆಗೋಲೇನಲ್ಲ. ಸಮಯ ಕಳೆದಂತೆ ಲಿವರಿನ ಹೊಳಪು ಇಳಿಯುತ್ತದೆ, ಗಡ್ಡೆಯದು ಏರುತ್ತದೆ. 60 ನಿಮಿಷಕ್ಕೆ ಮಾಡಬೇಕಾದ ಸ್ಕ್ಯಾನ್ 90ಕ್ಕೆ ಆದರೆ ಅನುಪಾತವೇ ಬೇರೆ. ಇನ್ನೊಂದು, ನಮ್ಮ ಕಣ್ಣು. ಅದೇ ಬೂದು ಬಣ್ಣ ಕಪ್ಪಿನ ನಡುವೆ ಬೆಳ್ಳಗೆ, ಬಿಳಿಯ ನಡುವೆ ಕಪ್ಪಗೆ ಕಾಣುತ್ತದೆ. ಗಡಿಯಲ್ಲಿರುವ 3 ಮತ್ತು 4ನ್ನು ಬೇರೆ ಮಾಡುವಾಗ ಕಣ್ಣಿನ ಜೊತೆ ಅಂಕಿಯನ್ನೂ ನೋಡಬೇಕು, ಪರದೆಯ ಸ್ಕೇಲನ್ನು ಪ್ರತಿ ರೋಗಿಗೂ ಬದಲಾಯಿಸಬಾರದು ಎಂಬ ಸೂಚನೆ ಇರುವುದು ಅದಕ್ಕೇ.

ಚಿತ್ರ ನೋಡಿ ಔಷಧಿ ಇಳಿಸಿದವರು

ಎರಡು ಸುತ್ತು ಕೀಮೋ ಆದ ಕೂಡಲೇ ಪೆಟ್ ಮಾಡಿದರೆ ಭವಿಷ್ಯ ಗೊತ್ತಾಗುತ್ತದೆ ಎಂಬುದಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು 2007ರಲ್ಲಿ. ಇಟಲಿಯ ಆಂದ್ರಿಯಾ ಗಲ್ಲಾಮಿನಿ ಮತ್ತು ಡೆನ್ಮಾರ್ಕಿನ ಸಂಗಡಿಗರು 260 ರೋಗಿಗಳನ್ನು ನೋಡಿದರು. ಎರಡು ಸುತ್ತಿನ ನಂತರ ಸ್ಕ್ಯಾನ್ ತಣ್ಣಗಿದ್ದವರಲ್ಲಿ ಎರಡು ವರ್ಷ ರೋಗ ಮರಳದೆ ಇದ್ದವರು 95 ಶೇಕಡಾ. ಬಿಸಿಯಾಗಿದ್ದವರಲ್ಲಿ 12.8.

ಗೊತ್ತಾಯಿತು, ಸರಿ. ಗೊತ್ತಾದ ಮೇಲೆ ಚಿಕಿತ್ಸೆ ಬದಲಾಯಿಸಿದರೆ ಉಪಯೋಗ ಇದೆಯಾ? ಅದಕ್ಕೆ ರಾಥಲ್ ಎಂಬ ಪ್ರಯೋಗ ನಡೆಯಿತು. ಬ್ರಿಟನ್, ಇಟಲಿ, ಸ್ಕ್ಯಾಂಡಿನೇವಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ 1214 ರೋಗಿಗಳು. ಇದರ ಸ್ಕ್ಯಾನ್ ಓದುವ ವ್ಯವಸ್ಥೆಯಲ್ಲಿ ಬ್ಯಾರಿಂಗ್ಟನ್ ಇದ್ದರು. ಎಲ್ಲರಿಗೂ ಮೊದಲು ಎ.ಬಿ.ವಿ.ಡಿ. ಎಂಬ ನಾಲ್ಕು ಔಷಧಿಗಳ ಜೋಡಿ, 1970ರ ದಶಕದಲ್ಲಿ ಮಿಲಾನ್‌ನ ಜಿಯಾನಿ ಬೊನಡೊನ್ನಾ ತಂಡ ರೂಪಿಸಿದ್ದು. ಅದರಲ್ಲಿ ‘ಬಿ’ ಅಂದರೆ ಬ್ಲಿಯೋಮೈಸಿನ್. ಇದು ಕೆಲವರ ಶ್ವಾಸಕೋಶವನ್ನು ನಾರಾಗಿಸುತ್ತದೆ. ಕೆಲವೊಮ್ಮೆ ಪ್ರಾಣಕ್ಕೇ ಕುತ್ತು.

ಎರಡು ಸುತ್ತಿನ ನಂತರ ಸ್ಕ್ಯಾನ್ ಮಾಡಿಸಿಕೊಂಡ 1119 ಜನರಲ್ಲಿ 937 ಜನರ ಸ್ಕ್ಯಾನ್ ದೋವಿಲ್ 1ರಿಂದ 3ರೊಳಗೆ ಬಂತು. ಇವರಲ್ಲಿ ಅರ್ಧ ಜನರಿಗೆ ಅದೇ ನಾಲ್ಕು ಔಷಧಿ ಮುಂದುವರಿಸಿದರು, ಇನ್ನರ್ಧ ಜನರಿಗೆ ಬ್ಲಿಯೋಮೈಸಿನ್ ಬಿಟ್ಟು ಮೂರೇ. ಮೂರು ವರ್ಷದ ನಂತರ ರೋಗ ಮುಂದುವರಿಯದೆ ಇದ್ದವರು ಮೊದಲ ಗುಂಪಿನಲ್ಲಿ 85.7 ಶೇಕಡಾ, ಎರಡನೆಯದರಲ್ಲಿ 84.4. ಬದುಕಿದ್ದವರು 97.2 ಮತ್ತು 97.6. ಶ್ವಾಸಕೋಶದ ತೊಂದರೆ ಎರಡನೆಯ ಗುಂಪಿನಲ್ಲಿ ಕಡಿಮೆ. 2016ರಲ್ಲಿ ಪೀಟರ್ ಜಾನ್ಸನ್ ಮೊದಲ ಲೇಖಕರಾಗಿ ಇದು ಪ್ರಕಟವಾಯಿತು.

ಇದರಲ್ಲಿ ಎರಡು ವಿಷಯ ನನಗೆ ಹಿಡಿಸಿತು. ಒಂದು, ಅವರ ಪ್ರಾಮಾಣಿಕತೆ. ಎರಡು ಗುಂಪಿನ ವ್ಯತ್ಯಾಸ 5ರ ಒಳಗಿದ್ದರೆ ಸಮ ಎನ್ನುತ್ತೇವೆ ಎಂದು ಮೊದಲೇ ಬರೆದಿಟ್ಟಿದ್ದರು. ಕೊನೆಗೆ ಎರರ್ ಬಾರಿನ ತುದಿ 5.3ಕ್ಕೆ ಹೋಗಿ ನಿಂತಿತು. ಗೆರೆ ಸ್ವಲ್ಪ ದಾಟಿದೆ ಎಂದು ಅವರೇ ಬರೆದರು. ನಾವಾಗಿದ್ದರೆ 5 ಅನ್ನು ರೌಂಡ್ ಆಫ್ ಮಾಡುತ್ತಿದ್ದೆವೇನೋ! ಎರಡು, ತಣ್ಣಗಿರುವ ಸ್ಕ್ಯಾನ್ ಕೂಡ ಗ್ಯಾರಂಟಿ ಕಾರ್ಡಲ್ಲ. 85 ಅಂದರೆ ಉಳಿದ 15 ಜನ ಇದ್ದಾರೆ. ಮಿಲಿಮೀಟರ್ ಗಾತ್ರದ ರೋಗ ಸ್ಕ್ಯಾನರಿಗೆ ಕಾಣುವುದಿಲ್ಲ.

ಚಿತ್ರ ಹೇಳದೆ ಇರುವುದು

ಬೆಳ್ಳಗಿರುವುದೆಲ್ಲ ಹಾಲಲ್ಲ. ಎಫ್.ಡಿ.ಜಿ. ಹುಡುಕುವುದು ಸಕ್ಕರೆ ತಿನ್ನುವವರನ್ನು, ಕ್ಯಾನ್ಸರನ್ನಲ್ಲ. ಮಿದುಳು ಹೊಳೆಯುತ್ತದೆ, ಹೃದಯ ಹೊಳೆಯುತ್ತದೆ, ಮೂತ್ರದಲ್ಲಿ ಹೊರಗೆ ಹೋಗುವುದರಿಂದ ಮೂತ್ರಕೋಶ ಹೊಳೆಯುತ್ತದೆ. ಸೋಂಕು ಇದ್ದಲ್ಲಿ ಹೋರಾಡುತ್ತಿರುವ ಬಿಳಿ ಕಣಗಳೂ ಹೊಟ್ಟೆಬಾಕರೇ.

ಹಾಗಾಗಿ ಕ್ಷಯ ತಗುಲಿದ ಗ್ರಂಥಿ ಪೆಟ್ ಸ್ಕ್ಯಾನಿನಲ್ಲಿ ಲಿಂಫೋಮಾ ಹಾಗೆಯೇ ಉರಿಯುತ್ತದೆ. ಲಕ್ಷಣಗಳೂ ಅಣ್ಣತಮ್ಮಂದಿರ ಹಾಗೆ: ಸಂಜೆ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ತೂಕ ಇಳಿಯುವುದು. ಲಂಡನ್ನಿನಲ್ಲಿ ಇದು ಆಗೊಮ್ಮೆ ಈಗೊಮ್ಮೆ ಬರುವ ಸಮಸ್ಯೆ. ನಮ್ಮಲ್ಲಿ ಟಿಬಿ ಮನೆಮಾತು. ಕುತ್ತಿಗೆಯ ಗಂಟು ಅಂದಕೂಡಲೇ ಮೊದಲು ಟಿಬಿ ನೆನಪಾಗುವುದು ತಪ್ಪಲ್ಲ, ಬಹಳ ಸಲ ಅದು ಟಿಬಿಯೇ ಆಗಿರುತ್ತದೆ. ಆದರೆ ಚೂರು ತೆಗೆದು ನೋಡದೆ ಟಿಬಿ ಮಾತ್ರೆ ಶುರು ಮಾಡಿ, ಗಂಟು ಇಳಿಯದೆ ತಿಂಗಳುಗಳು ಕಳೆದ ಮೇಲೆ ಲಿಂಫೋಮಾ ಎಂದು ಗೊತ್ತಾಗುವುದು ನಮ್ಮ ದೇಶದ ವೈದ್ಯರು ಮತ್ತೆ ಮತ್ತೆ ಹೇಳುವ ದೂರು. ಸ್ಟರ್ನ್‌ಬರ್ಗ್ ಬಿದ್ದ ಹಳ್ಳಕ್ಕೆ ನೂರಿಪ್ಪತ್ತೈದು ವರ್ಷದ ನಂತರ ನಾವೂ ಬೀಳುತ್ತಿದ್ದೇವೆ.

ಅದಕ್ಕೆ ಬಯಾಪ್ಸಿ. ಸಾಧ್ಯವಾದರೆ ಇಡೀ ಗ್ರಂಥಿಯನ್ನೇ ತೆಗೆದು ನೋಡುವುದು ಒಳ್ಳೆಯದು ಎಂದು ಲುಗಾನೋ ಒಪ್ಪಂದವೂ ಹೇಳುತ್ತದೆ. ಸಣ್ಣ ಸೂಜಿಯಲ್ಲಿ ಎಳೆದ ಹನಿ ಸಾಲದು. ಯಾಕೆ ಅಂದರೆ ಹಾಡ್ಜ್‌ಕಿನ್ ಗ್ರಂಥಿಯಲ್ಲಿ ನಿಜವಾದ ಕ್ಯಾನ್ಸರ್ ಕಣಗಳು ನೂರಕ್ಕೆ ಒಂದರ ಆಸುಪಾಸು ಮಾತ್ರ. ಉಳಿದದ್ದೆಲ್ಲ ಸುತ್ತ ನೆರೆದ ಮಾಮೂಲಿ ಬಿಳಿ ಕಣಗಳ ಜಾತ್ರೆ. ಸಿಗ್ನಲ್ ಒಂದು, ನಾಯ್ಸ್ ತೊಂಬತ್ತೊಂಬತ್ತು. ಸ್ಯಾಂಪಲ್ ಸಣ್ಣದಾದರೆ ಆ ಒಂದು ತಪ್ಪಿಹೋಗುತ್ತದೆ. ಇಲ್ಲಿ ಪೆಟ್ ಸಹಾಯಕ್ಕೆ ಬರುವುದು ಬೇರೆ ರೀತಿ: ಹತ್ತು ಗ್ರಂಥಿ ಊದಿದ್ದರೆ ಯಾವುದನ್ನು ತೆಗೆಯಬೇಕು, ಎಲ್ಲಿ ಹೊಳಪು ಹೆಚ್ಚು ಮತ್ತು ಕೈಗೆಟುಕುವುದು ಯಾವುದು ಎಂದು ತೋರಿಸುತ್ತದೆ.

ಹಾಸ್ಟೆಲಿನವರಿಗೆ ಒಂದು ಮಾತು. ನೆಗಡಿ, ಹಲ್ಲುನೋವು, ತಲೆಯ ಗಾಯ, ಯಾವುದಕ್ಕೂ ಕುತ್ತಿಗೆಯ ಗ್ರಂಥಿ ಊದುತ್ತದೆ, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಹೆದರಬೇಡಿ. ಆದರೆ ತಿಂಗಳಾದರೂ ಇಳಿಯದ, ಬೆಳೆಯುತ್ತಲೇ ಇರುವ, ಅದರಲ್ಲೂ ಕೊರಳೆಲುಬಿನ ಮೇಲೆ ಸಿಗುವ ಗಂಟನ್ನು ‘ಪರೀಕ್ಷೆ ಮುಗೀಲಿ’ ಅಂತ ಮುಂದೂಡಬೇಡಿ. ಮೆಡಿಕಲ್ ಶಾಪಿನವರು ಊತಕ್ಕೆ ಅಂತ ಕೊಡುವ ಸ್ಟೆರಾಯ್ಡ್ ಮಾತ್ರೆಯನ್ನಂತೂ ಬಯಾಪ್ಸಿಗೆ ಮುಂಚೆ ನುಂಗಲೇಬೇಡಿ. ಸ್ಟೆರಾಯ್ಡ್ ಲಿಂಫೋಮಾ ಕಣಗಳನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತದೆ. ಗಂಟು ಇಳಿದು ಖುಷಿಯಾಗುತ್ತದೆ, ಆಮೇಲೆ ತೆಗೆದ ಚೂರಿನಲ್ಲಿ ಏನೂ ಗೊತ್ತಾಗುವುದಿಲ್ಲ.

ಈಗ ನಡೆಯುತ್ತಿರುವ ಕೆಲಸದ ಬಗ್ಗೆ ಎರಡು ಮಾತು, ಪ್ರಾಜೆಕ್ಟ್ ಹುಡುಕುತ್ತಿರುವವರಿಗಾಗಿ. ಮೈಯಲ್ಲಿರುವ ಹೊಳೆಯುವ ರೋಗದ ಒಟ್ಟು ಗಾತ್ರವನ್ನು ಮಿಲಿಲೀಟರಿನಲ್ಲಿ ಅಳೆಯುವುದು ಬ್ಯಾರಿಂಗ್ಟನ್ ಮತ್ತಿತರರ ಈಚಿನ ಆಸಕ್ತಿ. ಎಸ್.ಯು.ವಿ. 4.0 ಮೀರಿದ ವೋಕ್ಸೆಲ್‌ಗಳನ್ನೆಲ್ಲ ಎಣಿಸುವುದು ಒಂದು ವಿಧಾನ, 4 ಮಿ.ಮೀ. ಘನದ ಒಂದು ವೋಕ್ಸೆಲ್ ಅಂದರೆ 0.064 ಮಿ.ಲೀ. ಮೂರು ಸಾಲಿನ ಕೋಡ್. ಕಷ್ಟ ಇರುವುದು ಮಿದುಳು, ಹೃದಯ, ಮೂತ್ರಕೋಶಗಳನ್ನು ಬಿಟ್ಟು ಎಣಿಸುವುದರಲ್ಲಿ. ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸುತ್ತಿರುವುದು ಮುಖ್ಯವಾಗಿ ಈ ಬಿಡುವ ಕೆಲಸವನ್ನು. ಲಂಡನ್ನಿನ ಚಿತ್ರಗಳಲ್ಲಿ ಕಲಿತ ನೆಟ್‌ವರ್ಕ್ ನಮ್ಮ ಟಿಬಿ ಗ್ರಂಥಿಗಳ ಮುಂದೆ ಏನು ಮಾಡುತ್ತದೆ ಎಂಬುದು ಒಳ್ಳೆಯ ಪ್ರಶ್ನೆ.

ಕೊನೆಗೆ, ಗೆಳೆಯನನ್ನೋ ಮನೆಯವರನ್ನೋ ಪೆಟ್ ಸ್ಕ್ಯಾನಿಗೆ ಕರೆದುಕೊಂಡು ಹೋಗಬೇಕಾಗಿ ಬಂದರೆ ತಿಳಿದಿರಲಿ. ಸುಮಾರು 6 ಗಂಟೆ ಏನೂ ತಿನ್ನದೆ ಇರಬೇಕು, ನೀರು ಕುಡಿಯಬಹುದು. ಸಕ್ಕರೆ ಹಾಕಿದ ಕಾಫಿ ಕುಡಿದರೆ ಇನ್ಸುಲಿನ್ ಏರಿ ಎಫ್.ಡಿ.ಜಿ. ಎಲ್ಲ ಸ್ನಾಯುಗಳಿಗೆ ಹೋಗುತ್ತದೆ. ಡಯಾಬಿಟಿಸ್ ಇದ್ದರೆ ಮೊದಲೇ ಫೋನ್ ಮಾಡಿ ಕೇಳಿ. ಹಿಂದಿನ ದಿನ ಜಿಮ್, ಕ್ರಿಕೆಟ್ ಬೇಡ. ಇಂಜೆಕ್ಷನ್ ಆದ ಮೇಲಿನ ಒಂದು ಗಂಟೆ ಸುಮ್ಮನೆ ಮಲಗಿರಬೇಕು. ಜಾಸ್ತಿ ಮಾತಾಡಿದರೆ ಗಂಟಲಿನ ಸ್ನಾಯು ಹೊಳೆಯುತ್ತದೆ, ಚ್ಯೂಯಿಂಗ್ ಗಮ್ ಜಗಿದರೆ ದವಡೆ. ಅಲ್ಲಿ ಕೊಡುವ ಕಂಬಳಿ ಬರೀ ಉಪಚಾರಕ್ಕಲ್ಲ. ಚಳಿಯಾದರೆ ಕುತ್ತಿಗೆಯಲ್ಲಿರುವ ಕಂದು ಕೊಬ್ಬು ಮೈ ಬಿಸಿಮಾಡಲು ಸಕ್ಕರೆ ಉರಿಸುತ್ತದೆ, ನಮ್ಮ ವಯಸ್ಸಿನವರಲ್ಲಿ ಅದು ಹೆಚ್ಚು, ಮತ್ತು ಅದು ಇರುವುದು ಲಿಂಫೋಮಾ ಗ್ರಂಥಿಗಳು ಇರುವ ಜಾಗದಲ್ಲೇ. ಕಂಬಳಿ ಹೊದ್ದುಕೊಳ್ಳಲು ಹೇಳಿ. ಸ್ಕ್ಯಾನ್ ಆದ ಮೇಲೆ ಕೆಲವು ಗಂಟೆ ಬಸುರಿಯರಿಂದ, ಸಣ್ಣ ಮಕ್ಕಳಿಂದ ದೂರ ಇರಬೇಕು. ಮತ್ತೆ, ಕೌಂಟರಿನಲ್ಲಿ ತೂಕ ಎಷ್ಟು ಅಂತ ಕೇಳಿದಾಗ ಅಂದಾಜು ಹೇಳಬೇಡಿ, ಮೂಲೆಯಲ್ಲಿರುವ ತೂಕದ ಯಂತ್ರ ಹತ್ತಿಸಿ.